ಹೂಂಗುಟ್ಟಲು ಬಾಯಿಯೇ ಬೇಕೆಂದಿಲ್ಲ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರದ (ಹಳ್ಳಿಯ ಗ್ರಂಥಾಲಯದ) ಮೇಲ್ವಿಚಾರಕಿ. ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತೇನೆ. ಈಚೆಗೆ ಮೂವರು ಹೊಸಬರು ಬರುತ್ತಿದ್ದಾರೆ. ಒಬ್ಬನಿಗೆ ಹತ್ತು ವರ್ಷ, ಸೆರೆಬ್ರಲ್ ಪಾಲ್ಸಿ. ಮಾತಿಲ್ಲ, ಕೈ ಹಿಡಿತಕ್ಕೆ ಬರುವುದಿಲ್ಲ, ಅಜ್ಜಿ ಎತ್ತಿಕೊಂಡು ತರುತ್ತಾರೆ. ಇನ್ನೊಬ್ಬ ಏಳು ವರ್ಷದ ಆಟಿಸಂ ಇರುವ ಹುಡುಗ. ಕಥೆಯ ನಡುವೆ ಎದ್ದು ಓಡುತ್ತಾನೆ, ಟಿವಿ ಜಾಹೀರಾತಿನ ಸಾಲನ್ನೇ ಹೇಳುತ್ತಾನೆ. ಮೂರನೆಯವಳು ಹದಿನೈದು ವರ್ಷದ, ಡೌನ್ ಸಿಂಡ್ರೋಮ್ ಇರುವ ಹುಡುಗಿ. ಮಾತಾಡುತ್ತಾಳೆ, ಆದರೆ ಅವಳ ಅಮ್ಮನಿಗೆ ಬಿಟ್ಟರೆ ಯಾರಿಗೂ ಅರ್ಥವಾಗುವುದಿಲ್ಲ. ‘ಇವಕ್ಕೇನು ತಿಳಿಯುತ್ತೆ, ಸುಮ್ನೆ ಒಂದು ಕಡೆ ಕೂತಿರಲಿ ಬಿಡಿ’ ಅನ್ನುತ್ತಾರೆ ಊರಿನವರು. ನನಗೆ ತರಬೇತಿ ಆಗಿಲ್ಲ. ಇವರಿಗೆಂದು ಬೇರೆ ದಿನ ಸುಲಭದ ಕಥೆ ಇಟ್ಟುಕೊಳ್ಳಲೇ? ಏನೇನು ಸಾಮಾನು ಬೇಕು?

ಉತ್ತರ: ಬೇರೆ ದಿನ ಬೇಡ. ಬೇರೆ ಕಥೆಯೂ ಬೇಡ, ಆ ಹುಡುಗಿಯ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಸಾಮಾನಿನ ಪಟ್ಟಿ ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದು.

ಮೊದಲು ಊರಿನವರ ಮಾತು. ಸೆರೆಬ್ರಲ್ ಪಾಲ್ಸಿ ಅಂದರೆ ಬೆಳೆಯುತ್ತಿರುವ ಮೆದುಳಿಗೆ ಬಿದ್ದ ಪೆಟ್ಟಿನಿಂದ ಚಲನೆ ಮತ್ತು ಭಂಗಿಯ ಹತೋಟಿ ತಪ್ಪುವುದು. ಮಾತು ಕೂಡ ನಾಲಿಗೆ, ತುಟಿ, ದವಡೆ, ಉಸಿರಿನ ಸ್ನಾಯುಗಳ ಕೆಲಸವೇ ಆದ್ದರಿಂದ ಅದಕ್ಕೂ ಏಟು ಬೀಳುತ್ತದೆ. ಈ ಸ್ಥಿತಿ ಇರುವವರಲ್ಲಿ ಸುಮಾರು ನಾಲ್ವರಿಗೊಬ್ಬರಿಗೆ ಮಾತು ಬರುವುದಿಲ್ಲ. ಹೆಚ್ಚುಕಡಿಮೆ ಅರ್ಧ ಜನರಿಗೆ ಬುದ್ಧಿಯ ಬೆಳವಣಿಗೆಯಲ್ಲೂ ತೊಡಕು ಇರುತ್ತದೆ, ಉಳಿದರ್ಧ ಜನರಿಗೆ ಇರುವುದಿಲ್ಲ. ನಿಮ್ಮ ಹುಡುಗ ಯಾವ ಅರ್ಧಕ್ಕೆ ಸೇರಿದವನು ಎಂದು ಮುಖ ನೋಡಿ ಹೇಳಲು ನನಗೂ ಆಗದು, ಕಟ್ಟೆಯ ಮೇಲೆ ಕೂತವರಿಗೂ ಆಗದು. ತಿಳಿಯುತ್ತದೆ ಎಂದುಕೊಂಡು ಕಥೆ ಹೇಳಿ, ಅದು ತಪ್ಪಾದರೆ ಯಾರ ಗಂಟೂ ಹೋಗುವುದಿಲ್ಲ. ತಿಳಿಯುವುದಿಲ್ಲ ಎಂದುಕೊಂಡು ಬಿಟ್ಟು, ಅದು ತಪ್ಪಾಗಿದ್ದರೆ ಒಂದು ಬಾಲ್ಯದ ಅಷ್ಟೂ ಕಥೆ ಹೋಯಿತು.

ಇನ್ನು ಹೇಳುವ ಬಗೆ. ನಮ್ಮ ಕಡೆ ಅಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ, ‘ನಿದ್ದೆ ಬಂತೇನೋ?’ ಎಂಬ ಪ್ರಶ್ನೆ ಬರುತ್ತದೆ. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಮೇಳದಲ್ಲಿ, ಮಾದಪ್ಪನ ಕಥೆ ಹಾಡುವ ಕಂಸಾಳೆಯವರ ಮೇಳದಲ್ಲಿ ಮುಂದಾಳು ಕಥೆ ನಡೆಸುತ್ತಾನೆ, ಹಿಮ್ಮೇಳದವರು ಸೊಲ್ಲು ಎತ್ತುತ್ತಾರೆ. ಸೊಲ್ಲು ಹೆಚ್ಚೆಂದರೆ ಒಂದು ಸಾಲು. ಕಥೆ ಎಲ್ಲೆಲ್ಲಿ ಸುತ್ತಿದರೂ ಆ ಸಾಲಿಗೆ ಬಂದು ಉಸಿರು ಬಿಡುತ್ತದೆ. ನಿಮ್ಮ ಮೂವರಿಗೂ ಈ ಹಿಮ್ಮೇಳದ ಜಾಗ ಕೊಡಿ. ಕೇಳುತ್ತಾ ಕೂತಿರುವ ಮಗುವಿಗೆ ಕಥೆಯ ಮೇಲೆ ಯಾವ ಹಿಡಿತವೂ ಇರುವುದಿಲ್ಲ. ಸೊಲ್ಲು ತನ್ನ ಪಾಲಿಗೆ ಬಂದಾಗ ಮಾತ್ರ ಅದು ಕಥೆಯನ್ನು ಮುಂದೆ ತಳ್ಳಬಲ್ಲದು, ತಡೆದು ನಿಲ್ಲಿಸಬಲ್ಲದು.

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳೋಣ. ನಿಮ್ಮ ಊರಲ್ಲಿ ಗುಬ್ಬಿಯ ಮನೆ ಕಲ್ಲಿನದೋ ಮೇಣದ್ದೋ, ಅದು ನಿಮಗೆ ಬಿಟ್ಟಿದ್ದು. ಕಾಗೆಯ ಸಗಣಿ ಮನೆ ಮಳೆಗೆ ಕರಗಿಹೋಗುತ್ತದೆ. ‘ಗುಬ್ಬಕ್ಕಾ, ಗುಬ್ಬಕ್ಕಾ, ಬಾಗಿಲು ತೆಗಿ.’ ‘ಇರು ಕಾಗಕ್ಕಾ, ಮಗೂಗೆ ಎಣ್ಣೆ ಹಚ್ತಾ ಇದೀನಿ.’ ಮತ್ತೆ ಬಾಗಿಲು ಬಡಿತ. ‘ಇರು, ನೀರು ಹಾಕ್ತಾ ಇದೀನಿ.’ ಮತ್ತೆ ಬಡಿತ. ‘ಇರು, ತೊಟ್ಟಿಲಿಗೆ ಹಾಕ್ತಾ ಇದೀನಿ.’ ಮಾತಿನ ತೊಂದರೆ ಇರುವ ಮಕ್ಕಳಿಗೆಂದು ಯಾರೋ ಕೂತು ಬರೆದಂತಿದೆ ಈ ಕಥೆ. ಸಾಲು ಮರಳಿ ಮರಳಿ ಬರುತ್ತದೆ, ಸದ್ದಿದೆ, ನೀರಿದೆ, ಮುಂದೇನಾಗುತ್ತದೆ ಎಂದು ಊಹಿಸಬಹುದು, ನಡುವೆ ಎಷ್ಟು ಬೇಕಾದರೂ ಹಿಗ್ಗಿಸಬಹುದು.

ಹತ್ತು ವರ್ಷದ ಹುಡುಗನಿಗೆ ಬಾಗಿಲು ಬಡಿಯುವ ಕೆಲಸ ಕೊಡಿ. ಅವನ ಅಜ್ಜಿಯನ್ನು ಕೇಳಿ, ಯಾವ ಅಂಗವನ್ನು ಅವನು ಬೇಕೆಂದಾಗ ಅಲುಗಿಸಬಲ್ಲ? ಕೈಯೇ ಆಗಬೇಕಿಲ್ಲ. ಕಾಲ್ಬೆರಳೋ, ಮೊಣಕಾಲೋ, ತಲೆಯೋ ಇರಬಹುದು. ತನ್ನಷ್ಟಕ್ಕೇ ಸೆಳೆಯುವ ಕೈಗೆ ಕಟ್ಟಿದರೆ ಸದ್ದು ಬರುತ್ತದೆ, ಆದರೆ ಆ ಸದ್ದು ಅವನದಾಗುವುದಿಲ್ಲ. ಬೇಕೆಂದು ಅಲುಗಿಸಬಲ್ಲ ಕಡೆ ಒಂದು ಗೆಜ್ಜೆ ಕಟ್ಟಿ. ಗೆಜ್ಜೆ ಆಡಿದರೆ ಕಾಗೆ ಬಾಗಿಲು ಬಡಿದಂತೆ. ಗೆಜ್ಜೆ ಆಡುವವರೆಗೆ ನೀವು ಮುಂದಿನ ಸಾಲು ಹೇಳಬೇಡಿ. ಮೊದಲ ಸಲ ಅವನಿಗೆ ಇದು ಗೊತ್ತಾಗಲಿಕ್ಕಿಲ್ಲ, ಎರಡನೆಯ ಸಲವೂ ಆಗಲಿಕ್ಕಿಲ್ಲ. ‘ನನ್ನಿಂದ ಕಥೆ ನಡೀತಿದೆ’ ಅನ್ನುವುದು ಹೊಳೆದ ಮೇಲೆ ಅವನ ಕಣ್ಣು ನೋಡಿ.

ದನಿ ಬೇಕಿದ್ದರೆ ಫೋನು ಸಾಕು. ಅದೇ ವಯಸ್ಸಿನ ಇನ್ನೊಬ್ಬ ಹುಡುಗನ ದನಿಯಲ್ಲಿ ‘ಗುಬ್ಬಕ್ಕಾ, ಬಾಗಿಲು ತೆಗಿ’ ಎಂದು ರೆಕಾರ್ಡ್ ಮಾಡಿಕೊಳ್ಳಿ, ನಿಮ್ಮ ದನಿಯಲ್ಲಿ ಬೇಡ. ಒತ್ತಿದರೆ ಒಂದು ಸಾಲು ನುಡಿಯುವ ದೊಡ್ಡ ಗುಂಡಿಗಳು ಬರುತ್ತವೆ, ಅಮೆರಿಕದ ಏಬಲ್‌ನೆಟ್ ಕಂಪನಿಯ ಬಿಗ್‌ಮ್ಯಾಕ್ ಅದರಲ್ಲಿ ಹೆಸರುವಾಸಿ. ಪಂಚಾಯಿತಿ ಅನುದಾನ ಸಿಕ್ಕರೆ ತರಿಸಿ, ಸಿಗದಿದ್ದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಇಂಥ ಒಂದು ಗುಂಡಿ ಏನು ಮಾಡಬಲ್ಲದು ಎಂದು ನಾನು ನೋಡಿದ್ದನ್ನು ಹೇಳುತ್ತೇನೆ. ಇದೇ ಕಥೆ, ಮಾತಿಲ್ಲದ ಒಬ್ಬ ಹುಡುಗಿಯ ಪಾಲಿಗೆ ಗುಬ್ಬಿಯ ‘ಇರು!’ ಬಂದಿತ್ತು. ಎಣ್ಣೆ ಆಯಿತು, ನೀರಾಯಿತು, ತೊಟ್ಟಿಲಾಯಿತು. ಟೀಚರು ಬಾಗಿಲು ತೆಗೆಯುವ ಹೊತ್ತಿಗೆ ಅವಳು ಮತ್ತೆ ಒತ್ತಿದಳು: ‘ಇರು!’ ಟೀಚರು ಒಂದು ಕ್ಷಣ ತಬ್ಬಿಬ್ಬಾದರು, ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ‘ವಾಟ್ಸ್ಯಾಪ್ ನೋಡ್ತಾ ಇದೀನಿ’ ಎಂದು ಕೂಗಿದ. ಮತ್ತೆ ಒತ್ತಿದಳು. ‘ಪಾತ್ರೆ ತೊಳೀತಾ ಇದೀನಿ.’ ಮತ್ತೆ ಒತ್ತಿದಳು. ‘ಕರೆಂಟ್ ಹೋಗಿದೆ, ಬಾಗಿಲು ಕಾಣಿಸ್ತಿಲ್ಲ.’ ಕಾಗೆ ಮಳೆಯಲ್ಲೇ ನೆನೆಯುತ್ತಾ ನಿಂತಿತು. ಆವತ್ತು ಕಥೆ ಮುಗಿಯಲೇ ಇಲ್ಲ, ಬೆಲ್ಲು ಹೊಡೆಯಿತು. ಕ್ಲಾಸಿನ ಅತ್ಯಂತ ತುಂಟ ಯಾರು ಎಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ನಿಮಗೆ ಕಷ್ಟವಾಗುವುದು ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಉತ್ತರಕ್ಕೆ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದ್ದಕ್ಕೇ ಮಕ್ಕಳ ಉತ್ತರ ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಅದು ಮಾತು ಬರುವ ಮಕ್ಕಳ ಲೆಕ್ಕ. ಸೆರೆಬ್ರಲ್ ಪಾಲ್ಸಿ ಇರುವ ಮಗು ಕೇಳಿಸಿಕೊಂಡು, ಯೋಚಿಸಿ, ಮೈಯನ್ನು ಹೊಂದಿಸಿಕೊಂಡು ಅಲುಗಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಕೆಲವರಿಗೆ ಇಪ್ಪತ್ತೂ ಬೇಕಾಗುತ್ತದೆ. ಆ ಹೊತ್ತಿನಲ್ಲಿ ‘ಹೇಳು, ಹೇಳು ಪುಟ್ಟ, ಬೇಗ’ ಅನ್ನಬಾರದು. ಪ್ರತಿ ‘ಹೇಳು’ವಿಗೂ ಅವನ ಲೆಕ್ಕ ಮೊದಲಿಂದ ಶುರುವಾಗುತ್ತದೆ. ಉಳಿದ ಮಕ್ಕಳು ಗಲಾಟೆ ಮಾಡಿಯಾರು ಎಂಬ ಭಯ ಬೇಡ. ಮಳೆ ಸುರಿಯುವ ಸದ್ದನ್ನು ಅವರು ಬೆರಳಲ್ಲಿ ನೆಲಕ್ಕೆ ತಟ್ಟುತ್ತಿರಲಿ, ಗೆಜ್ಜೆ ಕೇಳಿದ ತಕ್ಷಣ ನಿಲ್ಲಿಸಲಿ.

ಅವನಿಗೆ ಹೌದು–ಅಲ್ಲ ಹೇಳುವ ದಾರಿ ಈಗಾಗಲೇ ಇರುತ್ತದೆ. ಕಣ್ಣು ಮೇಲೆತ್ತಿದರೆ ಹೌದು, ಮುಖ ತಿರುಗಿಸಿದರೆ ಅಲ್ಲ, ಹೀಗೆ ಏನಾದರೊಂದು. ಅಜ್ಜಿಗೆ ಅದು ಗೊತ್ತು, ಆದರೆ ‘ಸನ್ನೆ’ ಎಂದು ಅವರು ಹೆಸರಿಟ್ಟಿರುವುದಿಲ್ಲ. ‘ಅವನಿಗೆ ಇನ್ನೊಂದು ತುತ್ತು ಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿ, ಸಿಕ್ಕಿಬಿಡುತ್ತದೆ. ಆಯ್ಕೆ ಕೊಡುವಾಗ ಎರಡು ಚಿತ್ರವನ್ನು ಎಡಕ್ಕೊಂದು ಬಲಕ್ಕೊಂದು ದೂರದೂರ ಹಿಡಿಯಿರಿ, ಅವನು ಯಾವುದರ ಮೇಲೆ ನೋಟ ನಿಲ್ಲಿಸುತ್ತಾನೆ ನೋಡಿ. ಚಿತ್ರದ ಹಿಂದೆ ಒಂದು ಕಪ್ಪು ಬಟ್ಟೆ ಇದ್ದರೆ ಒಳ್ಳೆಯದು. ಇಂಥ ಎಷ್ಟೋ ಮಕ್ಕಳಲ್ಲಿ ಕಣ್ಣು ಸರಿಯಿದ್ದರೂ ಕಂಡದ್ದನ್ನು ಮೆದುಳು ಬಿಡಿಸಿಕೊಳ್ಳಲು ಒದ್ದಾಡುತ್ತದೆ, ಗಿಜಿಗುಟ್ಟುವ ಬಣ್ಣದ ಪುಟ ಅವರಿಗೆ ಸಂತೆಯಂತೆ. ಕೂರಿಸುವಾಗ ಬೆನ್ನಿಗೆ ಗೋಡೆಯ ಮೂಲೆ, ಪಾದಕ್ಕೆ ಆಸರೆ. ತಲೆ ಹಿಂದಕ್ಕೆ ವಾಲಿದರೆ ಅವನಿಗೆ ಕಾಣುವುದು ನಿಮ್ಮ ಮುಖವಲ್ಲ, ಸೀಲಿಂಗ್ ಫ್ಯಾನು.

ಒಂದು ಎಚ್ಚರಿಕೆಯನ್ನು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಮಗುವಿನ ಕೈ ಹಿಡಿದು ಅಕ್ಷರಫಲಕದ ಮೇಲೆ ಓಡಾಡಿಸಿ ‘ಇವನೇ ಬರೆದದ್ದು’ ಅನ್ನುವವರು ಸಿಗುತ್ತಾರೆ, ವಿಡಿಯೊಗಳೂ ಹರಿದಾಡುತ್ತವೆ. ಪರೀಕ್ಷೆ ಮಾಡಿದಾಗಲೆಲ್ಲ ಆ ಮಾತು ಕೈ ಹಿಡಿದವರದ್ದೇ ಎಂದು ಸಾಬೀತಾಗಿದೆ, ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 2018ರಲ್ಲಿ ಅದನ್ನು ಬಳಸಬೇಡಿ ಎಂದೇ ಹೇಳಿದೆ. ಗೆಜ್ಜೆಯನ್ನೂ ನೀವು ಅವನ ಕಾಲು ಹಿಡಿದು ಆಡಿಸಬಾರದು. ಅವನಾಗಿ ಆಡಿಸದಿದ್ದರೆ ಕಥೆ ಕಾಯಲಿ.

ಸಾಮಾನು ಕೇಳಿದ್ದಿರಿ. ಲಂಡನ್ನಿನ ಬ್ಯಾಗ್ ಬುಕ್ಸ್ ಎಂಬ ಸಂಸ್ಥೆ ಹಲವು ವರ್ಷಗಳಿಂದ ತೀವ್ರ ಕಲಿಕಾ ತೊಡಕಿರುವವರಿಗಾಗಿ ಮುಟ್ಟುವ, ಮೂಸುವ, ಸದ್ದು ಮಾಡುವ ಕಥೆಗಳನ್ನು ತಯಾರಿಸುತ್ತಿದೆ, ಒಂದೊಂದು ಪುಟಕ್ಕೂ ಒಂದು ವಸ್ತು ಅಂಟಿರುತ್ತದೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ಪ್ಯಾಮಿಸ್ ಎಂಬ ಸಂಸ್ಥೆ ಒಬ್ಬೊಬ್ಬ ವ್ಯಕ್ತಿಗೇ ಪ್ರತ್ಯೇಕವಾಗಿ ಇಂಥ ಕಥೆ ಕಟ್ಟಿಕೊಡುವ ಕೆಲಸಕ್ಕೆ ಹೆಸರಾಗಿದೆ. ಅವರ ಪೆಟ್ಟಿಗೆ ತರಿಸುವುದು ಬೇಡ, ರೀತಿಯನ್ನು ತೆಗೆದುಕೊಳ್ಳಿ. ಪ್ರತಿ ಘಟನೆಗೆ ಒಂದೇ ವಸ್ತು, ಪ್ರತಿ ಸಲ ಅದೇ ವಸ್ತು, ಅದೇ ಮಾತು, ಅದೇ ಕ್ರಮ. ನಿಮ್ಮ ಕಥೆಗೆ ಒಣಗಿದ ಬೆರಣಿಯ ಒಂದು ಚೂರು, ಒಂದು ನುಣುಪು ಕಲ್ಲು, ಮಳೆಗೆ ಒದ್ದೆ ಮಾಡಿದ ಬೇವಿನ ಸೊಪ್ಪು, ಮಗುವಿನ ಹಳೆಯ ಟೋಪಿ. ವಸ್ತು ಎಲ್ಲ ಮಕ್ಕಳ ಕೈಗೂ ಹೋಗಲಿ, ಇವರ ಮೂವರಿಗಷ್ಟೇ ಕೊಟ್ಟರೆ ಅದು ಔಷಧಿ ಆಗಿಬಿಡುತ್ತದೆ. ಅದನ್ನು ಮಗುವಿನ ಕೈಯೊಳಗೆ ತುರುಕದೆ ಕೈಯ ಪಕ್ಕಕ್ಕೆ ತನ್ನಿ. ತಿನ್ನುವ ವಸ್ತು ಮಾತ್ರ ಬೇಡ. ಸೆರೆಬ್ರಲ್ ಪಾಲ್ಸಿಯಲ್ಲಿ ನುಂಗುವ ತೊಂದರೆ ಸಾಮಾನ್ಯ, ಕಥೆಯ ಖುಷಿಯಲ್ಲಿ ಬಾಯಿಗಿಟ್ಟ ಒಂದು ಚೂರು ಬೆಲ್ಲ ಶ್ವಾಸನಾಳಕ್ಕೆ ಹೋಗಬಹುದು. ಫಿಟ್ಸ್ ಬರುವ ಮಗುವಿದ್ದರೆ ಮಿಣಮಿಣ ಲೈಟೂ ಬೇಡ.

ಓಡುವ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನನ್ನು ಕೂರಿಸುವ ಹಟ ಬಿಡಿ. ಕಿಟಕಿಯ ಹತ್ತಿರ ನಿಂತುಕೊಂಡೇ ಕಥೆ ಕೇಳಿಸಿಕೊಳ್ಳುವ ಮಕ್ಕಳಿದ್ದಾರೆ, ಮುಖ ನೋಡದಿದ್ದರೆ ಅವರಿಗೆ ಕೇಳಿಸಿಕೊಳ್ಳುವುದು ಸುಲಭ. ಅವನಿಗೆ ಎದ್ದು ಹೋಗುವ ಹಕ್ಕು ಮತ್ತು ಮರಳಿ ಬರುವ ಹಾದಿ ಎರಡೂ ಇರಲಿ. ಕಥೆಯ ವಸ್ತುಗಳನ್ನು ಬರುವ ಕ್ರಮದಲ್ಲೇ ಒಂದು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡಿ, ಮುಗಿದದ್ದನ್ನು ಬುಟ್ಟಿಗೆ ಹಾಕುವ ಕೆಲಸ ಅವನದು. ಇನ್ನೆಷ್ಟು ಉಳಿದಿದೆ ಎಂದು ಕಣ್ಣಿಗೆ ಕಂಡರೆ ಅವನ ಓಟ ಎಷ್ಟೋ ಕಡಿಮೆಯಾಗುತ್ತದೆ. ಓಡಬೇಕಾದ ಪಾತ್ರವೊಂದಿದ್ದರೆ ಇನ್ನೂ ಒಳ್ಳೆಯದು, ಮಳೆ ಬಂದಾಗ ಕಾಗೆ ಅಲ್ಲಿಂದ ಇಲ್ಲಿಗೆ ಹಾರಿ ಬರಬೇಕಲ್ಲ! ಮಳೆಗೆ ತಗಡು ಬಡಿಯಬೇಡಿ, ಎಷ್ಟೋ ಆಟಿಸಂ ಮಕ್ಕಳಿಗೆ ಅಂಥ ಸದ್ದು ಪೆಟ್ಟು ಬಿದ್ದಷ್ಟೇ ನೋವು ಕೊಡುತ್ತದೆ.

ಜಾಹೀರಾತಿನ ಸಾಲನ್ನು ‘ಸುಮ್ನಿರು’ ಎಂದು ಗದರಿಸಬೇಡಿ. ಕೇಳಿದ ಸಾಲನ್ನು ಇಡಿಯಾಗಿ ಹಿಡಿದಿಟ್ಟುಕೊಂಡು, ಬೇರೆಲ್ಲೋ ಆಡುವುದು ಈ ಮಕ್ಕಳ ಭಾಷೆ ಬೆಳೆಯುವ ಒಂದು ದಾರಿ. ಬ್ಯಾರಿ ಪ್ರಿಜಾಂಟ್ ಮೊದಲಾದವರು 1980ರ ದಶಕದಲ್ಲೇ ಇಂಥ ಮರುನುಡಿಗೆ ಉದ್ದೇಶ ಇರುತ್ತದೆ ಎಂದು ತೋರಿಸಿದರು. ಖುಷಿಯಾದಾಗ ಹೇಳುವ ಸಾಲು ಯಾವುದು, ಗಾಬರಿಯಾದಾಗ ಹೇಳುವುದು ಯಾವುದು ಎಂದು ಗಮನಿಸಿ. ಸೊಲ್ಲಿರುವ ಕಥೆ ಅವನಿಗೆ ಹಬ್ಬ. ನಾಲ್ಕು ದಿನ ಬಿಟ್ಟು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ‘ಗುಬ್ಬಕ್ಕಾ, ಬಾಗಿಲು ತೆಗಿ’ ಅಂದನೆಂದು ಅವನಮ್ಮ ಹೇಳಿದರೆ, ಅದು ಬರೀ ಗಿಳಿಪಾಠ ಅಂದುಕೊಳ್ಳಬೇಡಿ.

ಈಗ ಆ ಹುಡುಗಿ. ಅವಳಿಗೆ ಹದಿನೈದು. ಏಳು ವರ್ಷದವರ ಜೊತೆ ಅವಳನ್ನೂ ಕೂರಿಸಿ ಗುಬ್ಬಕ್ಕನ ಕಥೆ ಹೇಳಿದರೆ ಅವಳು ಪಾಪ ಕೂರುತ್ತಾಳೆ, ಆದರೆ ಅದು ಅವಳಿಗೆ ಮಾಡುವ ಅವಮಾನ. ಈ ವಯಸ್ಸಿನವರಿಗೆ ಬೇಕಾದದ್ದು ಜಾತ್ರೆ, ಜಗಳ, ಮದುವೆ, ಸಿನಿಮಾ, ಪ್ರೀತಿ, ಸಾವು. ವಾಕ್ಯ ಸಣ್ಣದಿರಲಿ, ವಿಷಯ ಸಣ್ಣದಾಗಬಾರದು. ಮಕ್ಕಳ ಗುಂಪಿನಲ್ಲಿ ಅವಳು ನಿಮ್ಮ ಜೊತೆ ಕಥೆ ನಡೆಸುವವಳಾಗಿರಲಿ, ಗುಬ್ಬಿಯ ಪಾತ್ರ ಅವಳೇ ಮಾಡಲಿ. ಅವಳ ಮಾತು ತಿಳಿಯದಿದ್ದರೆ ಮುಖ್ಯ ಪದಗಳಿಗೆ ಕೈಸನ್ನೆ ಸೇರಿಸಿ, ಎಲ್ಲ ಮಕ್ಕಳೂ ಆ ಸನ್ನೆ ಕಲಿಯಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕೇಳಿದ್ದಕ್ಕಿಂತ ಕಂಡದ್ದು ಹೆಚ್ಚು ನೆನಪುಳಿಯುತ್ತದೆ, ಆಡಬಲ್ಲುದಕ್ಕಿಂತ ಹೆಚ್ಚು ಅರ್ಥವಾಗಿರುತ್ತದೆ. ಕಿವಿ ಮಂದವಾಗಿರುವುದೂ ಅವರಲ್ಲಿ ತುಂಬ ಸಾಮಾನ್ಯ. ಶ್ರವಣ ಪರೀಕ್ಷೆ ಆಗಿದೆಯೇ ಎಂದು ಅವಳ ಅಮ್ಮನನ್ನು ಮೊದಲು ಕೇಳಿ.

ಅವಳಿಗಾಗಿ ಬೇರೆ ಇಪ್ಪತ್ತು ನಿಮಿಷ ಇಡಿ, ತಿದ್ದುಪಡಿ ಎಂದದ್ದು ಇದನ್ನೇ. ಅದು ನೀವು ಹೇಳುವ ಹೊತ್ತಲ್ಲ, ಅವಳು ಹೇಳುವ ಹೊತ್ತು. ಬ್ರಿಟನ್ನಿನ ವಾಕ್ ತಜ್ಞೆ ನಿಕೋಲಾ ಗ್ರೋವ್ ಕಲಿಕಾ ತೊಡಕಿರುವವರ ಜೊತೆ ಬೆಳೆಸಿದ ‘ಸ್ಟೋರಿಶೇರಿಂಗ್’ ಎಂಬ ವಿಧಾನ ಇದಕ್ಕೆ ಹೇಳಿ ಮಾಡಿಸಿದ್ದು. ಸೊಮರ್ಸೆಟ್ಟಿನ ಫ್ರೋಮ್ ಊರಿನಲ್ಲಿ ಅವರು ಕಟ್ಟಿದ ಓಪನ್‌ಸ್ಟೋರಿಟೆಲ್ಲರ್ಸ್ ತಂಡದಲ್ಲಿ ಇಂಥವರೇ ಕಥೆಗಾರರು. ದೊಡ್ಡ ಕಥೆ ಬೇಕಿಲ್ಲ. ‘ಜಾತ್ರೇಲಿ ಚಪ್ಪಲಿ ಕಳೀತು’, ಇಷ್ಟು ಸಾಕು. ಅವಳ ಜೊತೆ ಅಲ್ಲಿದ್ದ ಒಬ್ಬರು ಪಕ್ಕದಲ್ಲಿರಲಿ. ಅವರು ಒಂದು ಸಾಲು, ಅವಳೊಂದು ಸಾಲು ಅಥವಾ ಒಂದು ಸನ್ನೆ, ಅಥವಾ ಮುಖ ಸೊಟ್ಟ ಮಾಡುವುದು. ‘ಆಮೇಲೆ ಏನಾಯ್ತು? ಯಾವ ಬಣ್ಣದ ಚಪ್ಪಲಿ?’ ಎಂದು ಪರೀಕ್ಷೆ ಮಾಡಬೇಡಿ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಕಥೆಯನ್ನು ಕೊಲ್ಲುತ್ತದೆ. ‘ಅಯ್ಯೋ!’ ಅನ್ನಿ, ಹೂಂಗುಟ್ಟಿ. ಈಗ ಆ ಕೆಲಸ ನಿಮ್ಮದು.

ಇದನ್ನು ಬರೀ ಖುಷಿಗೆಂದು ನಾನು ಹೇಳುತ್ತಿಲ್ಲ. ತನಗಾದದ್ದನ್ನು ಕ್ರಮವಾಗಿ ಹೇಳಲು ಬಾರದ ಮಗುವಿಗೆ ಯಾರಾದರೂ ಕೆಡುಕು ಮಾಡಿದರೆ ಅದು ಹೊರಬರುವುದೇ ಇಲ್ಲ, ಕೆಡುಕು ಮಾಡುವವರಿಗೂ ಅದು ಗೊತ್ತಿರುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ, ಅಂಗವೈಕಲ್ಯ ಇರುವ ಮಗುವಿನ ಹೇಳಿಕೆ ದಾಖಲಿಸುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗು ಸಂವಹನ ಮಾಡುವ ರೀತಿ ಬಲ್ಲವರ ನೆರವು ಪಡೆಯಲು ಅವಕಾಶವಿದೆ. ಆ ರೀತಿ ಮೊದಲು ಇರಬೇಕಲ್ಲ? ಚಪ್ಪಲಿ ಕಳೆದದ್ದನ್ನು ಹೇಳಿ ರೂಢಿಯಾದವಳಿಗೆ ಬೇರೆಯದನ್ನು ಹೇಳಲೂ ಒಂದು ದಾರಿ ಇರುತ್ತದೆ. ಆದ್ದರಿಂದ ಮಾತಿನ ಬದಲು ಮುಟ್ಟಿ ತೋರಿಸಲು ಚಿತ್ರಫಲಕ ಮಾಡುವಾಗ ನೋವು, ಭಯ, ಹೊಡೆದರು, ಮುಟ್ಟಬೇಡ ಅನ್ನುವುದೂ ಅದರಲ್ಲಿರಲಿ, ಮೈಯ ಎಲ್ಲ ಭಾಗದ ಹೆಸರೂ ಇರಲಿ.

ಚಿತ್ರಫಲಕದ ಬಗ್ಗೆ ಇನ್ನೊಂದು ಮಾತು. ಅಂತರ್ಜಾಲದಲ್ಲಿ ಸಿಗುವ ಫಲಕಗಳಲ್ಲಿ ಸೇಬು, ಬಾಳೆಹಣ್ಣು, ಬಸ್ಸು ತುಂಬಿರುತ್ತವೆ. ಇವನ್ನಿಟ್ಟುಕೊಂಡು ಯಾರೂ ಕಥೆ ಹೇಳಲಾರರು. ನಾವು ದಿನವಿಡೀ ಆಡುವ ಮಾತಿನ ಬಹುಪಾಲು ಕೆಲವೇ ನೂರು ಪದಗಳಲ್ಲಿ ನಡೆದುಹೋಗುತ್ತದೆ, ಅವು ಹೆಚ್ಚಾಗಿ ಹೆಸರುಗಳಲ್ಲ. ಬೇಕು, ಬೇಡ, ಇರು, ಬಾ, ಹೋಗು, ಮತ್ತೆ, ಸಾಕು, ಆಮೇಲೆ, ಏನು, ಯಾರು, ನಾನು, ನೀನು, ಚೆನ್ನಾಗಿಲ್ಲ. ‘ಚೆನ್ನಾಗಿಲ್ಲ’ ಮರೆಯಬೇಡಿ, ಕಥೆ ಬೋರಾದರೆ ಹೇಳುವ ಹಕ್ಕು ಬೇಕು. ಒಂದೊಂದು ಎ4 ಹಾಳೆಗೆ ಹನ್ನೆರಡು ಚೌಕದಂತೆ ಹಾಕಿ, ಚಿತ್ರದ ಕೆಳಗೆ ನಿಮ್ಮ ಊರಲ್ಲಿ ಆಡುವಂತೆಯೇ ಪದ ಬರೆದು ಲ್ಯಾಮಿನೇಷನ್ ಮಾಡಿಸಿ. ನೀವೂ ಮಾತಾಡುವಾಗ ಅದನ್ನೇ ಮುಟ್ಟಿ ತೋರಿಸುತ್ತಾ ಮಾತಾಡಿ. ಯಾರೂ ಬಳಸದ ಫಲಕವನ್ನು ಮಗು ಬಳಸೀತು ಎಂದು ಕಾಯುವುದು ವ್ಯರ್ಥ. ಮುಂದೆ ಟ್ಯಾಬ್ಲೆಟ್ ಸಿಕ್ಕರೆ ಚೆನ್ನೈನಲ್ಲಿ ಹುಟ್ಟಿದ ಆವಾಜ್, ಐಐಟಿ ಬಾಂಬೆಯಲ್ಲಿ ರೂಪಿಸಿದ ಜೆಲ್ಲೋ ಮುಂತಾದ, ಚಿತ್ರ ಮುಟ್ಟಿದರೆ ಪದ ನುಡಿಯುವ ಆ್ಯಪ್‌ಗಳಿವೆ. ಕಾಗದದ ಹಾಳೆ ಆಗಲೂ ಬೇಕಾಗುತ್ತದೆ, ಅದಕ್ಕೆ ಚಾರ್ಜ್ ಮುಗಿಯುವುದಿಲ್ಲ. ಕಥೆಯ ಚಿತ್ರಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ನೋಡಿ, ಕನ್ನಡ ಪುಸ್ತಕಗಳೂ ಅಲ್ಲಿ ಉಚಿತವಾಗಿ ಸಿಗುತ್ತವೆ.

ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ) ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಇಬ್ಬರನ್ನೂ ಒಂದು ಶನಿವಾರ ಕರೆಯಿರಿ. ಹುಡುಗಿಯ ಕಿವಿ, ಹುಡುಗನ ಸಂವಹನ ಎರಡನ್ನೂ ಸರಿಯಾಗಿ ನೋಡಿಸಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಅಜ್ಜಿ ಹೋಗುವಾಗ ನೀವು ಮಾಡಿದ ಫಲಕವನ್ನೂ, ಅವನು ಗೆಜ್ಜೆ ಆಡಿಸುವ ಒಂದು ವಿಡಿಯೊವನ್ನೂ ಕಳಿಸಿ. ಹೊಸ ಜಾಗದಲ್ಲಿ ಅರ್ಧ ಗಂಟೆಯಲ್ಲಿ ಮಗು ತೋರಿಸದ್ದನ್ನು ಆ ವಿಡಿಯೊ ತೋರಿಸುತ್ತದೆ.

ಶುರು ಮಾಡುವಾಗ ಕಥೆ ಬದಲಾಯಿಸುವ ಆತುರ ಬೇಡ. ನಾಲ್ಕೈದು ವಾರ ಒಂದೇ ಕಥೆ ಹೇಳಿ. ಉಳಿದ ಮಕ್ಕಳು ‘ಟೀಚರ್, ಇದೇನಾ ಮತ್ತೆ?’ ಎಂದು ರಾಗ ತೆಗೆದರೆ ಗುಬ್ಬಿಯ ಹೊಸ ನೆಪಗಳನ್ನು ಕಟ್ಟುವ ಕೆಲಸ ಅವರಿಗೆ ವಹಿಸಿ. ಹುಡುಗನ ಅಜ್ಜಿಗೆ ಶುಕ್ರವಾರವೇ ಕಥೆಯ ವಸ್ತುಗಳ ಚೀಲ ಕೊಟ್ಟು ಕಳಿಸಿ, ಮನೆಯಲ್ಲಿ ಒಮ್ಮೆ ಕೇಳಿ ಬಂದವನು ಶನಿವಾರ ಎಲ್ಲರಿಗಿಂತ ಮುಂದಿರುತ್ತಾನೆ. ಬೇರೆ ಮಕ್ಕಳಿಗೆ ಭಾಷಣ ಮಾಡಿ ‘ಇವರನ್ನು ಪ್ರೀತಿಯಿಂದ ಕಾಣಿ’ ಅನ್ನಬೇಡಿ. ಗೆಜ್ಜೆ ಆಡದೆ ಕಥೆ ಮುಂದಕ್ಕೆ ಹೋಗುವುದಿಲ್ಲ ಎಂದು ಗೊತ್ತಾದರೆ ಅವನಿಗೆ ಕಾಯುವುದನ್ನು ಅವರೇ ಕಲಿಯುತ್ತಾರೆ.